ಹಿಂದಿನ ಸಾಲು, ಎಡದಿಂದ ಮೂರನೆಯವನು

ನನ್ನ ಫೋಟೋ ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ. ಅದೂ ಪೂರ್ತಿ ನಾನಲ್ಲ, ನನ್ನ ಮೊಣಕೈ. ನಾಯಕಿಯನ್ನು ನಾಯಕ ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ, ಅವಳ ಪಾದದ ಆಚೆ ಕತ್ತಲಲ್ಲಿ ಬಿಳಿ ಅಂಗಿಯ ತೋಳೊಂದು ಮಸುಕಾಗಿ ಕಾಣುತ್ತದೆ. ಅಮ್ಮ ಅದನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದಳು. ಕಾಫಿಗೆ ಬಂದವರಿಗೆಲ್ಲ, "ನಮ್ಮ ಎಸ್ಕಿಲ್‌ದು ನೋಡಿ, ಮೊಣಕೈ ಎಷ್ಟು ಲಕ್ಷಣವಾಗಿದೆ" ಅನ್ನುತ್ತಿದ್ದಳು. ಬಂದವರು ಕೇಕು ತಿನ್ನುತ್ತ ತಲೆಯಾಡಿಸುತ್ತಿದ್ದರು.

ಬ್ಯಾಲೆ ಕುಣಿದು ಬದುಕಿದವನು ನಾನು. ಕೋಪನ್‌ಹೇಗನ್ನಿನಲ್ಲಿ, ದೊಡ್ಡ ಕಂಪನಿಯಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲೆ. ಹಾಗಂದಾಗ ಜನ ಒಂದು ಕ್ಷಣ ನೆಟ್ಟಗೆ ಕೂರುತ್ತಾರೆ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನಾಗಿದ್ದೆ ಅಂದಾಗ ಮತ್ತೆ ಒರಗಿಕೊಳ್ಳುತ್ತಾರೆ. ಗುಂಪಿನಲ್ಲಿ ಗೋವಿಂದ ಅಂತಾರಲ್ಲ, ಆ ಗೋವಿಂದನೇ ನಾನು. ರಾಜಸಭೆ ಇದ್ದರೆ ಈಟಿ ಹಿಡಿದವನು, ಹಳ್ಳಿ ಮದುವೆ ಇದ್ದರೆ ಖಾಲಿ ಬಿಯರ್ ಲೋಟ ಎತ್ತಿದವನು. ಒಂದು ಚಳಿಗಾಲವಿಡೀ ಡ್ರ್ಯಾಗನ್ನಿನ ಬಾಲದ ಭಾಗವಾಗಿದ್ದೆ. ಬಾಲಕ್ಕೆ ಒಳ್ಳೆಯ ಜೀವಕಳೆ ಇದೆ ಅಂತ ಒಬ್ಬ ವಿಮರ್ಶಕ ಹೊಗಳಿ ಬರೆದ. ಅವನು ನೋಡಿದ ದಿನ ನನಗೆ ಜ್ವರ, ಬಾಲದೊಳಗೆ ಬೇರೆ ಯಾರೋ ಇದ್ದರು.

ಅಪ್ಪನಿಗೆ ನಮ್ಮೂರು ಫೋಬೋರಿನ ಬಂದರಿನಲ್ಲಿ ಒಂದು ಹೊಗೆಮನೆ. ಹೆರಿಂಗ್ ಮೀನನ್ನು ಸರಳಿಗೆ ಪೋಣಿಸಿ, ಒಲೆಯ ಮೇಲೆ ತೂಗುಹಾಕಿ, ಹೊಗೆಯಲ್ಲೇ ಬೇಯಿಸಿ ಬಂಗಾರದ ಬಣ್ಣ ಬರಿಸುವ ಕಸುಬು. ನನಗೆ ಎಂಟು ವರ್ಷವಿದ್ದಾಗ ಅಮ್ಮ ರೈಲು ಹತ್ತಿಸಿ ರಾಜಧಾನಿಗೆ ಕರೆದೊಯ್ದು ಬ್ಯಾಲೆ ಶಾಲೆಯ ಆಯ್ಕೆಗೆ ನಿಲ್ಲಿಸಿದಳು. ಅಲ್ಲಿನವರು ನನ್ನ ಮುಖ ನೋಡಲಿಲ್ಲ. ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ಪಾದವನ್ನು ತಿರುಗಿಸಿ ಮುರುಗಿಸಿ ನೋಡಿ, ಆಗಬಹುದು ಅಂದರು.

"ಕುಣಿದ್ರೆ ಹೊಟ್ಟೆ ತುಂಬುತ್ತೇನೇ?" ಅಂತ ಅಪ್ಪ ಕೇಳಿದ.

"ತುಂಬುತ್ತಂತೆ" ಅಂದಳು ಅಮ್ಮ.

ಬ್ಯಾಲೆಯಲ್ಲಿ ಹೊಟ್ಟೆ ತುಂಬಿಸುವುದೇ ಮಹಾಪರಾಧ ಅಂತ ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಅಮ್ಮನಿಗೆ ಹೇಳಲಿಲ್ಲ. ಆಮೇಲೂ ಅವಳಿಗೆ ಹೇಳದ ಸಂಗತಿಗಳು ಬೇಕಾದಷ್ಟಿವೆ. ವರ್ಷಕ್ಕೊಮ್ಮೆ ಬಂದು, ಎಲ್ಲಕ್ಕಿಂತ ಮೇಲಿನ ಅಗ್ಗದ ಅಟ್ಟಣಿಗೆಯಲ್ಲಿ ಕೂತು, ದುರ್ಬೀನು ಹಿಡಿದು ನೋಡುತ್ತಿದ್ದಳು. "ಇವತ್ತು ನಿನ್ನ ಜಿಗಿತ ಏನ್ ಚೆನ್ನಾಗಿತ್ತೋ, ಎಲ್ಲರಿಗಿಂತ ಮೇಲೆ ಹೋದೆ" ಅಂದಳು ಒಂದು ಸಲ. ಆ ದೃಶ್ಯದಲ್ಲಿ ನಾನು ಜಿಗಿಯುವುದೇ ಇಲ್ಲ. ಪುಣ್ಯಾತ್ಗಿತ್ತಿ ವರ್ಷಗಟ್ಟಲೆ ನನ್ನ ಪಕ್ಕದವನನ್ನು, ಎಡದಿಂದ ನಾಲ್ಕನೆಯವನನ್ನು ನೋಡಿ ಹೆಮ್ಮೆಪಟ್ಟಿದ್ದಳು. ಅವನು ನನಗಿಂತ ಚೆನ್ನಾಗಿ ಕುಣಿಯುತ್ತಿದ್ದ, ಅದರಿಂದ ನನಗೇ ಒಳ್ಳೆಯ ಹೆಸರು ಬಂತಲ್ಲ ಅಂತ ಸುಮ್ಮನಿದ್ದೆ.

ಹಿಂದಿನ ಸಾಲಿಗೂ ಒಂದು ವಿದ್ಯೆ ಇದೆ. ಕಣ್ಣು ಮುಂದೆ ಇರಬೇಕು, ಕಣ್ಣಂಚು ಪಕ್ಕದವನ ಮೇಲಿರಬೇಕು. ತೋಳು ಪಕ್ಕದ ತೋಳಿನ ಎತ್ತರಕ್ಕೇ ನಿಲ್ಲಬೇಕು. ಕೆಟ್ಟದಾಗಿ ಕುಣಿದರೆ ಬೈಗುಳ, ಚೆನ್ನಾಗಿ ಕುಣಿದರೂ ಬೈಗುಳ, ಸಾಲು ಕೆಡುತ್ತದೆ ಅಂತ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿದೆ: ಮುಂದಿನವನು ತಪ್ಪಿದರೆ ನೀನೂ ತಪ್ಪು. ಇಡೀ ಸಾಲು ಒಟ್ಟಿಗೆ ತಪ್ಪಿದರೆ ನೋಡುವವರಿಗೆ ಅದು ಸರಿಯಾಗಿಯೇ ಕಾಣುತ್ತದೆ, ಒಬ್ಬನೇ ಸರಿ ಮಾಡಿದರೆ ಅವನೇ ತಪ್ಪಿತಸ್ಥ. ಒಂದು ಸಂಜೆ ನಮ್ಮ ಮುಂದಿನವನು ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದ. ಈಟಿ ಹಿಡಿದ ನಾವೆಲ್ಲ ಅವನ ಹಿಂದೆಯೇ ನಡೆದು, ರಾಜನನ್ನು ಕಾವಲಿಲ್ಲದೆ ಬಿಟ್ಟು, ಅಡುಗೆಯವರ ಗುಂಪಿನ ನಡುವೆ ಠೀವಿಯಿಂದ ನಿಂತೆವು. ಅದು ಹೊಸ ವಿನ್ಯಾಸ ಅಂತ ಪತ್ರಿಕೆ ಮೆಚ್ಚಿಕೊಂಡಿತು.

ನಲವತ್ತಾಯಿತು. ನಮ್ಮ ಕಸುಬಿನಲ್ಲಿ ನಲವತ್ತಕ್ಕೆ ಮನುಷ್ಯ ಮುದುಕ. ನಾಯಕ ನಿವೃತ್ತನಾದರೆ ಪ್ರೇಕ್ಷಕರು ಎದ್ದು ನಿಂತು ಹೂವು ಎಸೆಯುತ್ತಾರೆ. ನನಗೆ ಕ್ಯಾಂಟೀನಿನಲ್ಲಿ ಕೇಕು ಇಟ್ಟಿದ್ದರು. ವೇಷ ಕಳಚಿ, ಬಣ್ಣ ಒರೆಸಿಕೊಂಡು ಬರುವಷ್ಟರಲ್ಲಿ ಕೇಕು ಮುಗಿದಿತ್ತು, ತಟ್ಟೆಯಲ್ಲಿ ಕಾಗದದ ಪುಟ್ಟ ಬಾವುಟ ಉಳಿದಿತ್ತು. ಅದನ್ನೇ ಜೇಬಿಗೆ ಹಾಕಿಕೊಂಡು ಊರಿಗೆ ಹೊರಟೆ.

ಅಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಹೊಗೆಮನೆಯನ್ನು ನಡೆಸುತ್ತಿದ್ದವನು ಅಕ್ಕನ ಗಂಡ ಪ್ರೆಬೆನ್. ಒಳ್ಳೆಯವನು, ಆದರೆ ನಾಲಿಗೆಗೆ ಉಪ್ಪು ಜಾಸ್ತಿ.

"ನಿಂಗೆ ಏನ್ ಕೆಲಸ ಬರುತ್ತೋ?" ಅಂತ ಕೇಳಿದ.

"ನಿಲ್ಲೋಕೆ ಬರುತ್ತೆ ಭಾವ."

"ಹಂಗಾದ್ರೆ ಒಲೆ ಮುಂದೆ ನಿಲ್ಲು."

ಒಂದು ಬೇಸಿಗೆ ನಿಂತೆ. ಮೀನು ಪೋಣಿಸಿದಾಗ ಎಲ್ಲ ಬಾಲಗಳೂ ಒಂದೇ ಮಟ್ಟಕ್ಕೆ ಬರುವವರೆಗೆ ನನಗೆ ಸಮಾಧಾನವಿಲ್ಲ. ಬೇರೆಯವರು ಹತ್ತು ಸರಳು ಮುಗಿಸುವಷ್ಟರಲ್ಲಿ ನಾನು ಮೂರನೆಯದರ ಕೊನೆಯ ಮೀನನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸುತ್ತಿರುತ್ತಿದ್ದೆ. "ತಿನ್ನೋರು ಸಾಲು ನೋಡ್ತಾರೇನಯ್ಯಾ?" ಅಂತ ಪ್ರೆಬೆನ್ ತಲೆ ಚಚ್ಚಿಕೊಳ್ಳುತ್ತಿದ್ದ. ಊರ ಬೆಕ್ಕುಗಳೆಲ್ಲ ನನ್ನ ಹಿಂದೆ ಬರತೊಡಗಿದವು. ಜೀವನದಲ್ಲಿ ನನಗೆ ಸಿಕ್ಕಿದ ಮೊದಲ ಅಭಿಮಾನಿಗಳು ಅವೇ.

ಆಗ ಹತ್ತಿರದ ಊರಾದ ಸ್ವೆನ್‌ಬೋರಿನ ನೃತ್ಯಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಲು ಒಬ್ಬರು ಬೇಕಂತೆ ಅಂತ ಸುದ್ದಿ ಬಂತು. ಬಂದರಿನ ಪಕ್ಕದ ಹಳೆಯ ಹಗ್ಗದ ಕಾರ್ಖಾನೆಯಲ್ಲಿ ಆ ಶಾಲೆ ನಡೆಸುತ್ತಿದ್ದವರು ಬೋಡಿಲ್. ನಮ್ಮ ಕಂಪನಿಯ ನಾಯಕಿಯಾಗಿದ್ದವರು. ಅವರ ಪೋಸ್ಟರು ರೈಲು ನಿಲ್ದಾಣಗಳಲ್ಲೆಲ್ಲ ಇರುತ್ತಿತ್ತು. ಎದುರಿಗೆ ಕುರ್ಚಿ ತೋರಿಸಿ ಕೇಳಿದರು:

"ಯಾವ ಕಂಪನೀಲಿದ್ದೆ?"

"ನಿಮ್ಮದರಲ್ಲೇ."

"ನೀವು ಗೀವು ಅನ್ನಬೇಡ, ನಾನೇನು ರಾಣೀನಾ? ಯಾವಾಗ ಇದ್ದೆ?"

"ನೀವು ಬರೋಕೆ ಮುಂಚೆಯಿಂದ. ನೀವು ಇದ್ದಾಗ. ನೀವು ಹೋದ ಮೇಲೂ."

ಬೋಡಿಲ್ ತಲೆ ಓರೆ ಮಾಡಿ ನನ್ನನ್ನು ನೋಡಿದರು. ಮನೆಯಲ್ಲಿ ಬಹಳ ದಿನದಿಂದ ಇದ್ದ ಕಪಾಟನ್ನು ಮೊದಲ ಸಲ ಗಮನಿಸಿದ ಹಾಗಿತ್ತು. "ಎಲ್ಲಿ ನಿಲ್ತಿದ್ದೆ?"

"ಹಿಂದೆ. ಎರಡನೇ ಅಂಕದಲ್ಲಿ ನೀವು ಶಾಲು ಬಿಸಾಕ್ತಿದ್ರಲ್ಲ, ಅದನ್ನ ಹಿಡೀತಿದ್ದವನು ನಾನೇ."

"ಅದನ್ನ ಯಾರಾದ್ರೂ ಹಿಡೀತಿದ್ರಾ? ನೆಲಕ್ಕೆ ಬೀಳುತ್ತೆ ಅಂದ್ಕೊಂಡಿದ್ದೆ."

"ಒಂದು ಸಲಾನೂ ಬಿದ್ದಿಲ್ಲ."

ಈಗ ಏನು ಮಾಡುತ್ತಿದ್ದೀ ಅಂತ ಕೇಳಿದರು, ಭಾವನ ಹೊಗೆಮನೆಯಲ್ಲಿ ಮೀನು ಪೋಣಿಸುತ್ತೇನೆ ಅಂದೆ. ಆಮೇಲೆ, "ಮೇ ತಿಂಗಳ ಪ್ರದರ್ಶನದ ತನಕ ನೋಡ್ತೀನಿ. ನಿನ್ನ ಮಕ್ಕಳು ಚೆನ್ನಾಗಿ ಕುಣಿದ್ರೆ ಇಲ್ಲೇ ಇರು. ಇಲ್ಲಾಂದ್ರೆ ನಿಮ್ಮ ಭಾವನ ಮೀನು ಇದ್ದೇ ಇದೆ" ಅಂದರು.

ಹೊಗೆಮನೆಗೆ ವಾಪಸು ಹೋಗಲು ನನಗೆ ಭಯವಿತ್ತು, ಇದನ್ನು ನಗದೆ ಹೇಳುತ್ತೇನೆ. ಮೀನಿನ ಭಯವಲ್ಲ, ವಾಸನೆಯ ಭಯವೂ ಅಲ್ಲ. ಎಂಟನೇ ವಯಸ್ಸಿನಿಂದ ಕಲಿತದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ ಅಂತ ಅಪ್ಪನ ಒಲೆಯ ಮುಂದೆಯೇ ನಿಂತು ದಿನಾ ಒಪ್ಪಿಕೊಳ್ಳಬೇಕಲ್ಲ, ಅದರ ಭಯ. ಮೇ ತಿಂಗಳವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ತರಗತಿಯ ಮೊದಲ ದಿನವೇ ಒಂದು ಸಂಗತಿ ಬಯಲಾಯಿತು: ನನಗೆ ಮುಂದೆ ನಿಲ್ಲಲು ಬರುವುದಿಲ್ಲ. ಹನ್ನೆರಡು ಹುಡುಗಿಯರು, ಎಂಟೊಂಬತ್ತು ವರ್ಷದವರು, ಕಣ್ಣು ಪಿಳಿಪಿಳಿ ಬಿಡುತ್ತ ನನ್ನನ್ನೇ ನೋಡುತ್ತಿದ್ದರು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ಜನ್ಮದಲ್ಲಿ ಇಲ್ಲ. ನಾನು ಬೆವರಿದೆ. ಗೋಡೆ ಬದಿಯ ಕಂಬಿ ಹಿಡಿದುಕೊಂಡೆ. ಮಕ್ಕಳೂ ಹಿಡಿದುಕೊಂಡರು, ಪಾಠ ಶುರುವಾಯಿತು ಅಂತ.

ಮಕ್ಕಳು ಹೇಳಿದ್ದನ್ನು ಕಲಿಯುವುದಿಲ್ಲ, ಕಂಡದ್ದನ್ನು ಕಲಿಯುತ್ತವೆ. ಒಂದು ತಿಂಗಳಾದ ಮೇಲೆ ಬೋಡಿಲ್ ತರಗತಿ ನೋಡಲು ಬಂದು ಬಾಗಿಲಲ್ಲಿ ನಿಂತರು. ನಾನು ಜಿಗಿಯಲು ಹೇಳಿದೆ. ಹನ್ನೆರಡು ಮಕ್ಕಳೂ ಒಟ್ಟಿಗೆ ಸೊಂಟದ ಬಳಿ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, "ಹುಂ" ಅಂದು, ಜಿಗಿದು, ಇಳಿದ ಮೇಲೆ ಎಡ ಮಂಡಿಯನ್ನು ಉಜ್ಜಿಕೊಂಡವು. ಹದಿನಾಲ್ಕು ವರ್ಷದ ಹಿಂದೆ ಈಟಿ ಹಿಡಿದು ಬಿದ್ದು ನೋವು ಮಾಡಿಕೊಂಡ ಮಂಡಿ ಅದು, ನನ್ನದು. ತನ್ನ ಬೆನ್ನು ತನಗೆ ಕಾಣದು ಅಂತಾರೆ. ನನ್ನ ಬೆನ್ನು, ಮಂಡಿ, ಪ್ಯಾಂಟು ಎಲ್ಲವನ್ನೂ ಹನ್ನೆರಡು ಪಾಲಾಗಿ ಕಂಡ ಭಾಗ್ಯ ನನ್ನದು.

ಪಿಯಾನೊ ನುಡಿಸುತ್ತಿದ್ದವನು ಫ್ರೋದೆ ಅಜ್ಜ. ಚರ್ಚಿನಲ್ಲಿ ಆರ್ಗನ್ ನುಡಿಸಿ ನಿವೃತ್ತನಾದವನು, ಯಾವ ಹಾಡಾದರೂ ಅವನ ಬೆರಳಿನಲ್ಲಿ ಶವಯಾತ್ರೆಯ ನಡಿಗೆ ಹಿಡಿಯುತ್ತಿತ್ತು.

"ಅಜ್ಜಾ, ಇದು ಕುಣಿಯೋ ಹಾಡು, ಸ್ವಲ್ಪ ಚುರುಕಾಗಿ" ಅಂದೆ.

"ಗೊತ್ತಪ್ಪ. ನಿನ್ನನ್ನ ನೋಡ್ಕೊಂಡು ನುಡಿಸ್ತಿದ್ದೀನಿ, ಅದಕ್ಕೇ ಹಿಂಗೆ ಬರ್ತಿದೆ."

ಇನ್ನೊಂದು ಪೀಕಲಾಟ. ರಾಜಧಾನಿಯ ಹಳೆಯ ರಂಗದ ನೆಲ ಪ್ರೇಕ್ಷಕರ ಕಡೆಗೆ ಇಳಿಜಾರಾಗಿದೆ. ಮುಗ್ಗರಿಸದಿರಲು ಮೈಭಾರವನ್ನು ಸದಾ ಹಿಂದಕ್ಕೆ ಹಿಡಿಯುವುದು ನಮ್ಮ ಮೂಳೆಗೇ ಅಂಟಿದ ಅಭ್ಯಾಸ. ಹಗ್ಗದ ಕಾರ್ಖಾನೆಯ ಸಪಾಟು ನೆಲದ ಮೇಲೆ ನಾನು ಹಿಂದಕ್ಕೆ ವಾಲುತ್ತಿದ್ದೆ. ಮಕ್ಕಳೂ ವಾಲಿದವು, ಒಬ್ಬಳಂತೂ ಅಂಗಾತ ಬಿದ್ದೇ ಬಿಟ್ಟಳು. ನಾನು ಕುಣಿದು ಬಂದ ನೆಲವೇ ಡೊಂಕು ಅಂತ ಬೋಡಿಲ್‌ಗೆ ವಿವರಿಸಲು ಹೋದೆ.

"ಅದೇ ನೆಲದ ಮೇಲೆ ನಾನೂ ಕುಣಿದಿದ್ದೀನಿ, ಎಸ್ಕಿಲ್" ಅಂದರು ಅವರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಹೇಳಿ ನಗುವವರಿಗೆ ನನ್ನದೊಂದು ಸಾಕ್ಷಿ ಇರಲಿ. ನೆಲ ನಿಜವಾಗಿಯೂ ಡೊಂಕಾಗಿತ್ತು. ನನಗೆ ಕುಣಿಯಲು ಬರುತ್ತಿರಲಿಲ್ಲ ಅನ್ನುವುದು ಬೇರೆಯ ವಿಷಯ.

ಚಳಿಗಾಲ ಮುಗಿಯುತ್ತ ಬಂದಾಗ ಪ್ರದರ್ಶನಕ್ಕೆ ಒಂದು ನೃತ್ಯ ಕಟ್ಟಬೇಕಾಯಿತು. ನಾನು ಹೆರಿಂಗ್ ಮೀನಿನ ಹಿಂಡನ್ನು ಆರಿಸಿಕೊಂಡೆ. ಸಾಲು ನಿಲ್ಲಿಸುವುದೂ ಗೊತ್ತು, ಮೀನೂ ಗೊತ್ತು, ಹೆರಿಂಗನ್ನು ಕುಣಿಸುವ ಯೋಗ್ಯತೆ ಈ ದೇಶದಲ್ಲಿ ನನಗಿಂತ ಯಾರಿಗಿದೆ ಅನಿಸಿತು. ಬೆಳ್ಳಿ ಬಣ್ಣದ ಟೋಪಿ, ತೋಳಿಗೆ ಈಜುರೆಕ್ಕೆ. ಹಿಂಡಿನ ಮುಂದೆ ಒಬ್ಬಳೇ ಮೈಕೆನ್. ಎಲ್ಲರಿಗಿಂತ ಕುಳ್ಳಿ, ಅದಕ್ಕೇ ಮುಂದೆ. ಬಾಯಿ ಮಾತ್ರ ಎಲ್ಲರಿಗಿಂತ ಉದ್ದ.

"ಮೈಕೆನ್ ಏನ್ ಮಾಡ್ತಾಳೋ ನೀವೆಲ್ಲ ಅದನ್ನೇ ಮಾಡಿ" ಅಂದೆ. "ಅವಳು ತಪ್ಪಿದ್ರೆ ನೀವೂ ತಪ್ಪಿ. ಎಲ್ಲರೂ ಒಟ್ಟಿಗೆ ತಪ್ಪಿದ್ರೆ ಅದು ತಪ್ಪಲ್ಲ."

"ನಾನು ಸತ್ತು ಬಿದ್ರೆ?" ಅಂತ ಮೈಕೆನ್ ಕೇಳಿದಳು.

"ಎಲ್ಲರೂ ಬೀಳಿ."

ಅವಳಿಗೆ ಬಹಳ ತೃಪ್ತಿಯಾಯಿತು. ಆ ದಿನ ಹನ್ನೆರಡು ಮೀನುಗಳೂ ಎಷ್ಟೋ ಸಲ ಸತ್ತು ಬಿದ್ದವು. ಬಾಗಿಲಲ್ಲಿದ್ದ ಬೋಡಿಲ್‌ಗೆ ತೃಪ್ತಿಯಾಗಲಿಲ್ಲ. ನನ್ನನ್ನು ಆಚೆಗೆ ಕರೆದರು.

"ಇದೆಂಥ ಪಾಠ? ಒಬ್ಬಳು ತಪ್ಪಿದ್ರೆ ಮಿಕ್ಕವರು ಸರಿಯಾಗಿ ಮಾಡಬೇಕು."

"ಹಾಗ್ ಮಾಡಿದ್ರೆ ತಪ್ಪಿದವಳು ಒಂಟಿಯಾಗಿಬಿಡ್ತಾಳಲ್ಲ."

"ಆಗ್ಲಿ. ಹಂಗೇ ಕಲಿಯೋದು. ಮೊದಲು ಇದನ್ನ ಅವರ ತಲೆಯಿಂದ ತೆಗಿ."

ಆಗಲಿ ಅಂದೆ. ತೆಗೆಯಲಿಲ್ಲ. ನನಗೆ ಖಚಿತವಾಗಿ ಗೊತ್ತಿದ್ದ ಪಾಠ ಅದೊಂದೇ, ಅದನ್ನೂ ವಾಪಸು ತೆಗೆದುಕೊಂಡರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಪ್ರದರ್ಶನ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊರ ಸಭಾಭವನದಲ್ಲಿ. ಹಿಂದುಗಡೆ ಮೇಜಿನ ಮೇಲೆ ಕಾಫಿಯ ದೊಡ್ಡ ಪಾತ್ರೆಗಳು, ಪೋಷಕರು ಮನೆಯಿಂದ ತಂದ ಕೇಕುಗಳು. ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಗಳ ಮೇಲೆ ಕೂತಿದ್ದರು. ಪ್ರೆಬೆನ್ ಭಾವನೂ ಬಂದಿದ್ದ. ನನ್ನನ್ನು ಹುರಿದುಂಬಿಸಲು ಅಂದುಕೊಂಡೆ, ಅವನ ಕಣ್ಣು ಕೇಕಿನ ಮೇಲಿತ್ತು. ನಾನು ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದೆ, ಹಳೆಯ ಉಣ್ಣೆಯ ಸ್ವೆಟರಿನಲ್ಲಿ, ಕಾಲರಿನ ತುಂಬ ಮಕ್ಕಳ ತಲೆಪಿನ್ನು ಚುಚ್ಚಿಕೊಂಡು. ಎದುರು ಬದಿಯ ಮರೆಯಲ್ಲಿ ಬೋಡಿಲ್.

ಪರದೆ ಸರಿಯಿತು. ಹಿಂಡು ನಿಂತಿತ್ತು, ಸಾಲು ನೂಲು ಹಿಡಿದ ಹಾಗೆ. ಫ್ರೋದೆ ಅಜ್ಜ ಮುನ್ನುಡಿ ನುಡಿಸಿದ. ಮೈಕೆನ್ ಅಲುಗಲಿಲ್ಲ. ಅಜ್ಜ ಮತ್ತೆ ಮೊದಲಿಂದ ನುಡಿಸಿದ. ತಿಂಗಳುಗಟ್ಟಲೆ ನಮ್ಮೆಲ್ಲರ ಕಿವಿ ತಿಂದಿದ್ದ ಆ ಹುಡುಗಿ ತುಂಬಿದ ಸಭೆಯನ್ನು ನೋಡಿ ಕಲ್ಲಾಗಿದ್ದಳು. ಆಮೇಲೆ ಅವಳ ಗಲ್ಲ ನಡುಗಿತು. ತಿರುಗಿದಳು, ಓಡಿದಳು, ನೇರ ನನ್ನ ಕಡೆಗೆ, ಮರೆಗೆ. ಅವಳ ಹಿಂದೆ ಹನ್ನೊಂದು ಹೆರಿಂಗ್‌ಗಳು, ಒಂದರ ಹಿಂದೆ ಒಂದು, ಸಮನಾದ ಅಂತರ, ತೋಳುಗಳೆಲ್ಲ ಒಂದೇ ಎತ್ತರ. ನಾನು ಕಲಿಸಿದ್ದರಲ್ಲಿ ಅಷ್ಟು ಅಚ್ಚುಕಟ್ಟಾಗಿ ಬಂದದ್ದು ಅದೊಂದೇ.

ರಂಗ ಬರಿದಾಯಿತು. ನೃತ್ಯವೇ ಇಷ್ಟಿರಬೇಕು ಅಂತ ಯಾರೋ ಒಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಅಜ್ಜ ಬಿಡದೆ ನುಡಿಸುತ್ತಲೇ ಇದ್ದ.

"ನಾನ್ ಹೋಗಲ್ಲ" ಅಂತ ಮೈಕೆನ್ ಬಿಕ್ಕಿದಳು.

"ನಾವೂ ಹೋಗಲ್ಲ" ಅಂದರು ಹನ್ನೊಂದು ಜನ.

ಎದುರಿನ ಮರೆಯಿಂದ ಬೋಡಿಲ್ ಕೈಬೀಸಿ, ಏನಾದರೂ ಮಾಡು ಅಂತ ಸನ್ನೆ ಮಾಡುತ್ತಿದ್ದರು. ಏನು ಮಾಡಬೇಕೆಂದು ನನ್ನ ತಲೆಗೆ ಹೊಳೆಯಲಿಲ್ಲ. ಹಾಡು ನಡೆಯುವಾಗ ರಂಗ ಬರಿದಾಗಿರಬಾರದು ಅನ್ನುವುದು ಮಾತ್ರ ಕಾಲಿಗೆ ಗೊತ್ತಿತ್ತು. ಕಾಲು ನಡೆಯಿತು, ನಾನು ಜೊತೆಗೆ ಹೋದೆ.

ಇಡೀ ರಂಗ ನನ್ನೊಬ್ಬನದು. ಮೇಲೆ ದೀಪಗಳು ಉರಿಯುತ್ತಿವೆ, ಮುಂದೆ ಊರಿಗೆ ಊರೇ ಕೂತಿದೆ. ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುವಂಥ ಅವಕಾಶ, ಹಲವರಿಗೆ ಅದೂ ಇಲ್ಲ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯ ಜಾಗದಲ್ಲಿ ನಿಂತೆ.

ನಿಂತ ಮೇಲೆ ಅರಿವಾಯಿತು. ಮುಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ, ಸಾಲೇ ಇಲ್ಲ. ಆದರೂ ಕಣ್ಣಂಚಿನಲ್ಲಿ ಪಕ್ಕದವನನ್ನು ಹುಡುಕುತ್ತಿದ್ದೇನೆ. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಹೊರಗೆ ಹೋಗುವ ಹಾಗೂ ಇಲ್ಲ, ಹಾಡು ಮುಗಿಯದೆ ಸಾಲು ಬಿಡಬಾರದು. ಮಾಡುವುದಕ್ಕೆ ಬೇರೇನೂ ತೋಚದೆ ನನ್ನ ಪಾಲಿನ ಹೆಜ್ಜೆ ಹಾಕತೊಡಗಿದೆ. ಬಾಲ ಅತ್ತ, ಬಾಲ ಇತ್ತ, ಒಂದು ಸುತ್ತು.

"ಅಮ್ಮ, ಆ ಮಾಮ ಯಾಕೆ ಮೂಲೇಲಿದ್ದಾನೆ?" ಅಂತ ಯಾವುದೋ ಮಗು ಕೇಳಿತು. ಪಿಯಾನೊ ಸದ್ದಿನ ನಡುವೆಯೂ ನನಗೆ ಕೇಳಿಸಿತು.

ಆಗ ಪಕ್ಕೆಗೆ ಒಂದು ಮೊಣಕೈ ತಿವಿಯಿತು. ತೂರಾ ಅನ್ನುವ ಹುಡುಗಿ. ಮೂರನೆಯ ಜಾಗ ಅವಳದು.

"ಸರ್ಕೋ. ಇದು ನನ್ ಜಾಗ" ಅಂತ ಪಿಸುಗುಟ್ಟಿದಳು.

ಅರ್ಧ ಹೆಜ್ಜೆ ಸರಿದೆ. ಅವಳ ಆಚೆ ನಾಲ್ಕನೆಯವಳು ಬಂದು ನಿಂತಳು, ಈಚೆಗೆ ಎರಡನೆಯವಳು. ಒಬ್ಬಳು ನಿಂತರೆ ಅವಳ ಪಕ್ಕದವಳಿಗೆ ತನ್ನ ಜಾಗ ಗೊತ್ತಾಗುತ್ತಿತ್ತು. ಹಿಂದಿನ ಸಾಲು ತುಂಬಿತು, ಅದರ ಮುಂದಿನದು ತುಂಬಿತು. ಕೊನೆಗೆ ಮುಂದೆ ಒಂದೇ ಒಂದು ಜಾಗ ಖಾಲಿ ಉಳಿದಿತ್ತು. ಮೈಕೆನ್ ಬಂದಳು. ಬಂದು ನಿಂತು, ಈಜುರೆಕ್ಕೆಯಿಂದ ಮೂಗನ್ನು ಎಡದಿಂದ ಬಲಕ್ಕೆ ಉದ್ದಕ್ಕೂ ಒರೆಸಿಕೊಂಡಳು. ಹನ್ನೊಂದು ಮೀನುಗಳೂ ತಾಳಕ್ಕೆ ಸರಿಯಾಗಿ ಮೂಗು ಒರೆಸಿಕೊಂಡವು. ನಾನೂ ಒರೆಸಿಕೊಂಡೆ.

ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ನಡೆದದ್ದು ನೃತ್ಯವೋ ಏನೋ, ಕೊನೆವರೆಗೂ ನಡೆಯಿತು. ಕೊನೆಯಲ್ಲಿ ಮೈಕೆನ್ ಬಾಗಿದಾಗ ಎಲ್ಲರೂ ಬಾಗಿದೆವು.

ನಮ್ಮ ಕಡೆ ಹೊಗಳಿಕೆಗೆ ಒಂದೇ ಮಾತು. ಕಾಫಿ ಲೋಟ ಹಿಡಿದ ಪೋಷಕರು ಒಬ್ಬೊಬ್ಬರಾಗಿ ಬಂದು, "ಅಷ್ಟೇನೂ ಕೆಟ್ಟದಾಗಿರಲಿಲ್ಲ" ಅಂದು ಹೋದರು. ಪ್ರೆಬೆನ್ ಬಾಯಿ ತುಂಬ ಕೇಕು ತುಂಬಿಕೊಂಡು, "ಮೀನಿನ ಸಾಲು ಚೆನ್ನಾಗಿತ್ತು ಕಣಯ್ಯಾ. ನಾಳೆಯಿಂದ್ಲೇ ಬರ್ತೀಯಾ ಹೆಂಗೆ?" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊಗೆಮನೆಗೆ ಪ್ರವಾಸಿಗರ ನೂಕುನುಗ್ಗಲು, ಅವನಿಗೆ ಆಳು ಬೇಕಿತ್ತು.

ಬೋಡಿಲ್ ನನ್ನನ್ನು ವೇಷದ ಕೋಣೆಗೆ ಕರೆದರು. ಫ್ರೋದೆ ಅಜ್ಜ ಮೂಲೆಯಲ್ಲಿ ಕೂತು ಸ್ವರದ ಹಾಳೆಗಳನ್ನು ಜೋಡಿಸುತ್ತಿದ್ದ, ಎದ್ದು ಹೋಗುವ ಸೌಜನ್ಯ ಅವನಿಗಿಲ್ಲ.

"ಜನ ನಕ್ರು, ಅದು ಸರಿ" ಅಂದರು ಬೋಡಿಲ್. "ಆದ್ರೆ ನಾನು ಹೇಳ್ದೆ, ಆ ನಿಯಮ ಅವರ ತಲೆಯಿಂದ ತೆಗಿ ಅಂತ. ತೆಗೀಲಿಲ್ಲ. ಅದಕ್ಕೇ ಹನ್ನೆರಡು ಜನಾನೂ ಓಡಿದ್ರು."

"ಹೌದು" ಅಂದೆ.

"ಆಮೇಲೆ ನೀನು. ಇಡೀ ರಂಗ ಖಾಲಿ ಇತ್ತು, ಎಸ್ಕಿಲ್. ನಾನಾಗಿದ್ರೆ ಮಧ್ಯದಲ್ಲಿ ನಿಂತಿರ್ತಿದ್ದೆ. ಖಾಲಿ ರಂಗದಲ್ಲೂ ಹಿಂದೆ ಹೋಗಿ ನಿಲ್ಲೋ ಮನುಷ್ಯ ಮಕ್ಕಳಿಗೆ ಏನ್ ಕಲಿಸ್ತಾನೆ ಹೇಳು? ಮೇಷ್ಟ್ರಾದವನು ಮುಂದೆ ನಿಲ್ಲಬೇಕು."

ಅವರು ಹೇಳಿದ್ದು ನಿಜವಾಗಿತ್ತು. ಪ್ರೆಬೆನ್‌ಗೆ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೈಕೆನ್, ಒಂದು ಕಾಲಲ್ಲಿ ಬೂಟು, ಇನ್ನೊಂದನ್ನು ಹುಡುಕಿಕೊಂಡು ಬಂದಿದ್ದಳು. ಕೆನ್ನೆಯ ಮೇಲೆ ಕೆನೆ ಮೆತ್ತಿತ್ತು.

ಬೋಡಿಲ್ ಅವಳನ್ನು ಹತ್ತಿರ ಕರೆದು ಕೆನ್ನೆ ಒರೆಸಿದರು. "ತುಂಬಾ ಭಯ ಆಯ್ತಾ?"

"ಹೂಂ."

"ಮತ್ತೆ ವಾಪಸ್ ಹೆಂಗ್ ಬಂದೆ?"

ಮೈಕೆನ್ ಬಗ್ಗಿ ಬೆಂಚಿನ ಕೆಳಗೆ ಬೂಟು ಹುಡುಕುತ್ತಲೇ ಹೇಳಿದಳು, "ನನ್ ಜಾಗ ಹಂಗೇ ಇತ್ತಲ್ಲ."

"ಅಂದ್ರೆ?"

"ಎಸ್ಕಿಲ್ ಮಧ್ಯ ನಿಂತ್ಕೊಂಡಿದ್ರೆ ನನ್ ಜಾಗ ಹೋಗ್ತಿತ್ತು. ಅವನು ಹಿಂದೆ ನಿಂತ್ಕೊಂಡು ಕಾಯ್ತಿದ್ದ." ಬೂಟು ಸಿಕ್ಕಿತು, ಅದನ್ನು ಕೈಯಲ್ಲೇ ಹಿಡಿದುಕೊಂಡು ಕೇಕಿನ ಕಡೆ ಓಡಿದಳು.

ನಾನು ಕಾಯುತ್ತಿರಲಿಲ್ಲ, ದಿಕ್ಕು ತಪ್ಪಿ ಅಲ್ಲಿ ನಿಂತಿದ್ದೆ. ಅದನ್ನು ಹೇಳಿಬಿಡೋಣ ಅಂತ ಬಾಯಿ ತೆರೆದೆ. ಫ್ರೋದೆ ಅಜ್ಜ ಹಾಳೆಗಳಿಂದ ತಲೆ ಎತ್ತದೆ, "ಬಾಯ್ ಮುಚ್ಕೊಂಡಿರು" ಅಂದ.

ಬೋಡಿಲ್ ಬೆಂಚಿನ ಮೇಲೆ ಕೂತರು. ಈಜುರೆಕ್ಕೆಗಳ ರಾಶಿಯಿಂದ ಒಂದನ್ನು ತೆಗೆದು ಮಡಿಸಿದರು, ಬಿಡಿಸಿದರು. "ನಾನಾಗಿದ್ರೆ ಮಧ್ಯದಲ್ಲಿ ನಿಂತಿರ್ತಿದ್ದೆ" ಅಂತ ಮತ್ತೆ ಹೇಳಿದರು. ಮೊದಲು ಹೇಳಿದ ದನಿ ಅದಾಗಿರಲಿಲ್ಲ. "ಚೆನ್ನಾಗೂ ಕುಣೀತಿದ್ದೆ. ಆ ಮಗು ಪರದೆ ಹಿಂದೆ ನಿಂತು ನೋಡ್ತಿತ್ತು, ಅಷ್ಟೇ." ರೆಕ್ಕೆಯನ್ನು ಮತ್ತೆ ರಾಶಿಗೆ ಹಾಕಿ ಎದ್ದರು. "ಆಗಸ್ಟಿಗೆ ಶಾಲೆ ಶುರು. ಪುಟ್ಟವರು ನಿಂಗೇ. ಒಂದು ಬೆಲ್ಟ್ ತಗೋ."

ಆ ಬೇಸಿಗೆ ಪೂರ್ತಿ ಭಾವನ ಹೊಗೆಮನೆಯಲ್ಲಿ ದುಡಿದೆ, ಕೂಲಿ ಇಲ್ಲದೆ, ಖುಷಿಗೆ. ಮೀನುಗಳನ್ನು ವಕ್ರವಾಗಿಯೇ ತೂಗುಹಾಕಿದೆ. ಪ್ರೆಬೆನ್‌ಗೆ ಅನುಮಾನ ಬಂದು ಮೈ ಹುಷಾರಾಗಿದೆಯಾ ಅಂತ ಕೇಳಿದ.

ಆಗಸ್ಟಿನ ಮೊದಲ ಪಾಠದ ದಿನ ಬೆಲ್ಟು ಬಿಗಿದುಕೊಂಡು ಹೋದೆ. ಬೋಡಿಲ್ ಬಾಗಿಲಲ್ಲಿ ನಿಂತಿದ್ದರಿಂದ ಮೇಷ್ಟ್ರ ಹಾಗೆ ಎಲ್ಲರ ಮುಂದೆ ಹೋಗಿ ನಿಂತೆ, ಗಂಟಲು ಸರಿಮಾಡಿಕೊಂಡೆ. ಹನ್ನೆರಡು ಮಕ್ಕಳು ಸಾಲಾದರು. ಮೈಕೆನ್ ತನ್ನ ಜಾಗದಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಸ್ಕಿಲ್, ನೀನ್ ಇಲ್ಲಿ ನಿಂತ್ರೆ ಹಿಂದೆ ಯಾರಿರ್ತಾರೆ?" ಅಂದಳು. "ಹಿಂದೆ ಹೋಗು."

ಹಿಂದೆ ಹೋಗು ಅಂತ ನನಗೆ ಹೇಳಿದವರು ಈ ಜನ್ಮದಲ್ಲಿ ಲೆಕ್ಕವಿಲ್ಲದಷ್ಟು ಜನ. ಎಂಟನೇ ವಯಸ್ಸಿನಿಂದ ಕೇಳಿಸಿಕೊಂಡು ಬಂದ ಮಾತು ಅದು, ಪ್ರತಿ ಸಲವೂ ಒಳಗೆ ಏನೋ ಚುಚ್ಚುತ್ತಿತ್ತು. ಈ ಸಲ ಚುಚ್ಚಲಿಲ್ಲ. ಬೋಡಿಲ್ ಕಡೆ ನೋಡಿದೆ. ಅವರು ಹುಬ್ಬಿನಲ್ಲೇ ಹಿಂದಿನ ಗೋಡೆ ತೋರಿಸಿದರು. ಮಕ್ಕಳ ನಡುವೆ ದಾರಿ ಮಾಡಿಕೊಂಡು, ನಾಯಕನ ಹಾಗೆ ಎದೆ ಸೆಟೆಸಿ, ನಾನು ಹಿಂದಕ್ಕೆ ನಡೆದೆ.